ಎಷ್ಟು ಪವರಿನ ಮಾತ್ರೆ

"ಫಿಟ್ಸಿನ ಮಾತ್ರೆ. ಕಾರ್ಬಮಝೆಪಿನ್," ಎಂದು ಪಿಸುಗುಟ್ಟಿ ವಾರಿಜಾಕ್ಷಿ ಅಂಗೈ ಬಿಡಿಸಿದಳು. ಉಳಿದದ್ದು ಅದೊಂದೇ ಬಿಳಿ ಮಾತ್ರೆ, ಇವತ್ತು ರಾತ್ರಿಯದು.

"ಎಷ್ಟು ಪವರಿನದ್ದು? ನೂರು, ಇನ್ನೂರು, ನಾನೂರು ಎಲ್ಲ ಉಂಟು," ಎಂದ ಮೂಡುಬಿದಿರೆಯ ಮೆಡಿಕಲ್ ಶಾಪಿನ ಮುಝಮ್ಮಿಲ್.

ಅವಳಿಗೆ ಗೊತ್ತಿರಲಿಲ್ಲ. ಅದೆಲ್ಲ ಅಮ್ಮನ ಕೆಲಸವಾಗಿತ್ತು. ಕಾಯಿಲೆ ಊರಿಗೆ ಗೊತ್ತಾಗಿ ಮಗಳ ಮದುವೆ ತಪ್ಪಬಾರದೆಂದು ಅಮ್ಮ ನರಿಕೊಂಬಿನಿಂದ ಎರಡು ಬಸ್ಸು ಹತ್ತಿ ಇಲ್ಲಿಗೆ ಬಂದು ಮಾತ್ರೆ ಕೊಳ್ಳುತ್ತಿದ್ದಳು. ಮಾತ್ರೆಗಳನ್ನು ಹಾರ್ಲಿಕ್ಸ್ ಬಾಟಲಿಗೆ ಸುರಿದು, ಹೆಸರು, ಪವರು ಬರೆದಿದ್ದ ಸ್ಟ್ರಿಪ್ಪನ್ನು ಬಚ್ಚಲೊಲೆಗೆ ಹಾಕುತ್ತಿದ್ದಳು. ಮದುವೆಯಂತೂ ಆಗಲಿಲ್ಲ, ಗುಟ್ಟು ಮಾತ್ರ ಗಟ್ಟಿಯಾಗಿ ಉಳಿಯಿತು. ನಾಲ್ಕು ತಿಂಗಳ ಹಿಂದೆ ಅಮ್ಮನೂ ಹೋದಳು. ಅವಳು ತುಂಬಿಸಿಟ್ಟ ಬಾಟಲಿ ಇವತ್ತಿಗೆ ಬರಿದಾಗಿತ್ತು.

"ಕಡಿಮೆಯಾದ್ರೆ ಫಿಟ್ಸ್ ಬರ್ತದೆ, ಹೆಚ್ಚಾದ್ರೆ ತಲೆ ತಿರುಗಿ ಬೀಳ್ತೀರಿ. ಚೀಟಿ ಇಲ್ಲದೆ ಕೊಡ್ಲಿಕ್ಕೆ ಆಗುದಿಲ್ಲ ಅಕ್ಕ. ಮನೆಯವರಿಗೆ ಫೋನ್ ಮಾಡಿ."

ಮನೆಯವರಂತೆ! ಅವಳ ಫೋನಿನಲ್ಲಿದ್ದದ್ದು ಕಟ್ಟಿದ ಬೀಡಿ ಒಯ್ದು ಕೊಡುವ ಬ್ರಾಂಚಿನ ನಂಬರು, ಗ್ಯಾಸಿನವನದು, ಅಳಿಸಲು ಮನಸ್ಸು ಬಾರದ ಅಮ್ಮನದು, ಮತ್ತೆ ಪಕ್ಕದ ಮನೆಯ ದಮಯಂತಿಯದು.

ದಮಯಂತಿಯ ಜಗಲಿಯಲ್ಲಿ ಕೂತು ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು ವಾರಿಜಾಕ್ಷಿ. ಅಮ್ಮ ಹಾಸಿಗೆ ಹಿಡಿದದ್ದೇ ದಮಯಂತಿ ಎಲೆ ಕತ್ತರಿಸುವ ಕತ್ತರಿಯನ್ನು ಇವಳ ಕೈಗೆ ಕೊಡುವುದನ್ನೇ ನಿಲ್ಲಿಸಿದಳು. "ಎಲೆ ನಾನು ಕತ್ತರಿಸ್ತೇನೆ, ನೀನು ಸುತ್ತು, ಸಾಕು." ತನ್ನ ಕೆಲಸದಲ್ಲೇ ಕುಂದು ಹುಡುಕಿದಳೆಂದು ವಾರಿಜಾಕ್ಷಿಗೆ ಮೈಯೆಲ್ಲ ಉರಿದು, ಅಮ್ಮನ ಉತ್ತರಕ್ರಿಯೆ ಮುಗಿದ ಮರುವಾರವೇ ಬೀಡಿ ಕಟ್ಟುವ ಗೆರಸೆ ಎತ್ತಿಕೊಂಡು ಮನೆಗೆ ಬಂದಿದ್ದಳು. ಅಂದಿನಿಂದ ಒಬ್ಬಳೇ ಕಟ್ಟುವುದು. ಕೆಲವು ದಿನ ಸಂಜೆಯವರೆಗೂ ಒಂದು ಮಾತಾಡಲು ಜನವಿಲ್ಲ. ತನ್ನ ಸ್ವರವೇ ಮರೆತುಹೋದೀತೆಂದು ಅವಳಿಗೆ ಹೆದರಿಕೆಯಾಗುತ್ತಿತ್ತು.

ಬೇರೆ ದಾರಿ ಕಾಣದೆ ಫೋನ್ ಮಾಡಿದಳು. "ದಮಯಂತಿ ಅಕ್ಕ, ಬೀಗದ ಕೈ ಎಲೆಬುಟ್ಟಿಯ ಅಡಿಯಲ್ಲುಂಟು. ಅಮ್ಮನ ಪೆಟ್ಟಿಗೆಯಲ್ಲಿ ಡಾಕ್ಟರ ಚೀಟಿ ಉಂಟಾ ನೋಡ್ತೀರಾ? ಅದು... ನನಗೊಂದು ಕಾಯಿಲೆ..."

"ಪೆಟ್ಟಿಗೆ ಹುಡುಕುದು ಬೇಡ ಮಾರಾಯ್ತಿ. ಚೀಟಿ ನನ್ನ ಹತ್ರವೇ ಉಂಟು. ನಿನ್ನ ಅಮ್ಮ ಹಾಸಿಗೆಯಲ್ಲಿದ್ದಾಗಲೇ ಕೊಟ್ಟದ್ದು, ನೀನಾಗಿ ಕೇಳುವವರೆಗೆ ಹೇಳಬಾರದು ಅಂತ ಆಣೆ ಹಾಕಿಸಿ. ಫೋಟೋ ಕಳಿಸ್ತೇನೆ." ದಮಯಂತಿಯೇ ಮುಂದುವರಿಸಿ ಕೇಳಿದಳು, "ಮತ್ತೆ ನಾನು ಕತ್ತರಿ ಯಾಕೆ ಕೊಡ್ತಿರಲಿಲ್ಲ ಅಂತ ಗ್ರಹಿಸಿದ್ದಿ?"

ವಾರಿಜಾಕ್ಷಿ ಫೋನ್ ಇಟ್ಟಳು. ಫೋಟೋ ಬಂತು. ಇನ್ನೂರರದ್ದು, ಬೆಳಿಗ್ಗೆ ಒಂದು, ರಾತ್ರಿ ಒಂದು. ಮುಝಮ್ಮಿಲ್ ಕೊಟ್ಟ ಸ್ಟ್ರಿಪ್ಪುಗಳನ್ನು ಹಾಗೆಯೇ ಚೀಲಕ್ಕಿಳಿಸಿ, ಕಣ್ಣೊರೆಸಿಕೊಂಡು ಅವಳು ಮತ್ತೆ ಫೋನ್ ಮಾಡಿದಳು.

"ನಾಳೆ ಗೆರಸೆ ಹಿಡ್ಕೊಂಡು ಬರ್ತೇನೆ ಅಕ್ಕ. ಕತ್ತರಿ ನಿಮ್ಮ ಹತ್ರವೇ ಇರಲಿ."