ಚಾಂದನಿಯ ಮೇವು

ಚಾಂದನಿ ಹೆಜ್ಜೆ ಎತ್ತಲಿಲ್ಲ. ಕೊಟ್ರೇಶಪ್ಪ ಹಗ್ಗ ಜಗ್ಗಿದರು, ಲೊಚಗುಟ್ಟಿದರು, ಬೆನ್ನ ಮೇಲೆ ಅಂಗೈಯಿಂದ ತಟ್ಟಿದರು. ಬಿಳಿ ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕೊಟ್ಟಿಗೆಯ ಬಾಗಿಲಲ್ಲೇ ನಿಂತಿತ್ತು. ಹೊರಗೆ ಬೇವಿನ ಮರದ ಕೆಳಗೆ ಮಕ್ತುಮ್ ಸಾಬ್ ಕುರ್ಚಿಯ ತುದಿಯಲ್ಲಿ ಕೂತು ಕಾಯುತ್ತಿದ್ದರು. ಹರಿಹರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕಳಿಸುತ್ತಿದ್ದ ಅವರು, ಮೊಣಕಾಲು ಸೋತು ದಂಧೆ ಬಿಟ್ಟಾಗ ಚಾಂದನಿಯನ್ನು ಕೊಟ್ರೇಶಪ್ಪನವರಿಗೆ ಒಪ್ಪಿಸಿದ್ದರು. ಆಮೇಲೆ ಅದನ್ನು ನೋಡಲು ಗುತ್ತೂರಿನ ಈ ಹೊಲಕ್ಕೆ ಬಂದದ್ದು ಇವತ್ತೇ.

"ಬರ್ತಾಳೆ, ತಡೀರಿ ಸಾಬ್ರೆ," ಎಂದು ಕೊಟ್ರೇಶಪ್ಪ ಒಳಗಿನಿಂದಲೇ ಕೂಗಿ ಹೇಳಿದರು. "ಮೈ ಬಂದೈತಲ್ಲ, ಸೊಕ್ಕು."

"ಇರ್ಲಿ ಬಿಡ್ರಿ ಸಾವ್ಕಾರ್ರೆ. ಇಲ್ಲಿಂದಾನೇ ಕಾಣ್ತಾಳೆ." ಮಕ್ತುಮ್ ಸಾಬರ ದನಿ ಒದ್ದೆಯಾಗಿತ್ತು. "ನನ್ನ ಹತ್ರ ಇದ್ದಾಗ ಪಕ್ಕೆಲುಬು ಎಣಿಸಬೋದಿತ್ತು. ಈಗ ನೋಡ್ರಿ, ಹೆಂಗಾಗ್ಯಾಳೆ."

ಈ ಮಾತು ಕೇಳುವುದಕ್ಕೇ ಕೊಟ್ರೇಶಪ್ಪ ಅವರನ್ನು ಕರೆಸಿದ್ದರು. ಶಹರದ ಕೆ.ಬಿ. ಬಡಾವಣೆಯಲ್ಲಿ ಅವರು ಒಂದು ಆಯುಷ್ಯವೇ ಖಾನಾವಳಿ ನಡೆಸಿದವರು. ರೊಟ್ಟಿ ಸಾಕು ಎಂದವರ ತಟ್ಟೆಗೂ ಇನ್ನೊಂದು ಹಾಕಿಯೇ ಮುಂದೆ ಹೋಗುವ ಕೈ ಅದು. ಗಲ್ಲಾ ಮಗನ ಪಾಲಾದ ಮೇಲೆ ಬಡಿಸಲು ಯಾರೂ ಇರಲಿಲ್ಲ. ಹಾಗಿರುವಾಗ ಬಡಕಲು ಚಾಂದನಿ ಕೈಗೆ ಬಂತು. ನೆನೆಸಿದ ಹುರುಳಿ, ಮೆಕ್ಕೆಜೋಳದ ನುಚ್ಚು, ಬೂಸಾ, ಮೇಲೊಂದು ಅಚ್ಚು ಬೆಲ್ಲ. ಹಬ್ಬದ ಮರುದಿನ ಉಳಿದ ಹೋಳಿಗೆಯೂ ಡಬ್ಬಿಯಲ್ಲಿ ದೇವರಾಜ ಅರಸು ಬಡಾವಣೆಯ ತಮ್ಮ ಮನೆಯಿಂದ ಗುತ್ತೂರಿಗೆ ಬರುತ್ತಿತ್ತು. ಒಣಹುಲ್ಲು ಮಾತ್ರ ಹಾಕಿದ್ದು ಹಾಕಿದಂತೆಯೇ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಕುದುರೆಯ ಪಕ್ಕೆಗಳು ತುಂಬಿದವು, ಬೆನ್ನು ಅಗಲವಾಯಿತು, ಕತ್ತಿನ ಮೇಲೆ ಕೊಬ್ಬಿನ ಏಣು ಎದ್ದಿತು. ದಾರಿಯಲ್ಲಿ ಹೋಗುವವರು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು.

ಆಮೇಲೆ ಗುಣ ಬದಲಾಯಿತು. ಚಾಂದನಿ ಗೋಡೆಗೆ ಒದೆಯತೊಡಗಿತು. ನೆರಳು ಅಲ್ಲಾಡಿದರೂ ಬೆಚ್ಚುತ್ತಿತ್ತು. ಲದ್ದಿ ಬಾಚಲು ಬರುತ್ತಿದ್ದ ಕೆಂಚವ್ವನ ತೋಳು ಕಚ್ಚಿದ ಮೇಲೆ ಅವಳು ಒಳಗೆ ಕಾಲಿಡುವುದನ್ನೇ ಬಿಟ್ಟಳು. ಕುದುರೆ ನಿಂತಲ್ಲೇ ನೆಲ ಕೆರೆಯುವುದನ್ನು ಕಂಡು ಕೊಟ್ರೇಶಪ್ಪನವರಿಗೆ ಹೊಳೆದದ್ದು ಒಂದೇ: ಹೊಟ್ಟೆ ತುಂಬಿಲ್ಲ. ಅವರು ಹುರುಳಿ ಹೆಚ್ಚಿಸಿದರು. ಕಚ್ಚುತ್ತದೆಂದು ಹೊರಗೆ ಬಿಡುವುದನ್ನು ನಿಲ್ಲಿಸಿದರು.

ಈಗ, ಬಂದವರ ಎದುರಿಗೆ, ಅದು ಮಾತು ಕೇಳುತ್ತಿರಲಿಲ್ಲ. ಕೊಟ್ರೇಶಪ್ಪ ಮೂಲೆಯಲ್ಲಿದ್ದ ಬಿದಿರಿನ ಕೋಲು ತೆಗೆದುಕೊಂಡರು. ಮೊದಲ ಏಟಿಗೆ ಚಾಂದನಿ ನಡುಗಿತು. ಮತ್ತೊಂದಕ್ಕೆ ಒಂದು ಹೆಜ್ಜೆ ಇಟ್ಟು, ಕಾಲನ್ನು ತಟ್ಟನೆ ಹಿಂದಕ್ಕೆಳೆದುಕೊಂಡಿತು. ಅವರು ಮತ್ತೆ ಹೊಡೆದರು.

"ಬ್ಯಾಡ್ರಿ." ಮಕ್ತುಮ್ ಸಾಬ್ ಕುಂಟುತ್ತ ಬಂದು ಕೋಲು ಹಿಡಿದುಕೊಂಡರು. "ಹೊಡೀಬ್ಯಾಡ್ರಿ. ಆಕಿ ಯಾವತ್ತೂ ಹಿಂಗ್ ನಿಂತಾಕಿ ಅಲ್ಲ." ಅವರು ಬಾಗಿಲ ಚೌಕಟ್ಟು ಹಿಡಿದು ಕಷ್ಟಪಟ್ಟು ಬಗ್ಗಿ, ಮುಂಗಾಲಿನ ಗೊರಸಿನ ಮೇಲೆ ಕೈ ಇಟ್ಟರು. ಇಟ್ಟ ಕೈಯನ್ನು ಸ್ವಲ್ಪ ಹೊತ್ತು ತೆಗೆಯಲಿಲ್ಲ. "ಕಾದ ಹಂಚಿದ್ದಂಗೈತೆ. ಏನಾಗೈತೋ ನಂಗೂ ತಿಳೀವಲ್ದು. ಡಾಕ್ಟರ್‌ನ ಕರೆಸ್ರಿ."

ಪಶು ವೈದ್ಯೆ ವಾಣಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಅವರು ಗೊರಸು ನೋಡಿದರು, ಕತ್ತಿನ ಏಣನ್ನು ಒತ್ತಿ ನೋಡಿದರು, ಬುಟ್ಟಿಯಲ್ಲಿದ್ದ ಮೇವನ್ನೂ ಕೆದಕಿ ನೋಡಿದರು.

"ದಿನಾ ಇಷ್ಟು ಕಾಳು ಹಾಕ್ತೀರಾ ಯಜಮಾನ್ರೆ?"

"ಹೊಟ್ಟೆ ತುಂಬ ತಿನ್ಲಿ ಅಂತ."

"ಕೆಲಸ ಇಲ್ಲ, ಓಡಾಟ ಇಲ್ಲ, ಇಷ್ಟೊಂದು ಕಾಳು. ಒದೆಯೋದು, ಕಚ್ಚೋದು ಅದರಿಂದಾನೇ ಶುರುವಾಗಿರುತ್ತೆ. ಈಗ ಅದೇ ಕಾಳಿನಿಂದ ಗೊರಸಿನ ಒಳಗೆ ಊತ ಬಂದಿದೆ. ಇವಳಿಗೆ ನಿಂತ ನೆಲವೇ ಕೆಂಡ."

ಕೊಟ್ರೇಶಪ್ಪ ಕುದುರೆಯ ಪಕ್ಕೆಯ ಕಡೆ ನೋಡಿದರು. ಬಿಳಿ ಕೂದಲಿನ ಮೇಲೆ ಏಟಿನ ಗೆರೆಗಳು ಉಬ್ಬಿದ್ದವು. "ಹಂಗಾದ್ರೆ ಬಾ ಅಂದಾಗ ಬರ್ಲಿಲ್ಲ ಅಂದ್ರೆ..."

"ಬರೋಕೆ ಆಗ್ತಿರಲಿಲ್ಲ," ಎಂದರು ವಾಣಿ. ಔಷಧಿ ಕೊಟ್ಟು, ಕಾಲಿಗೆ ತಣ್ಣೀರು, ಕೆಳಗೆ ಮೆತ್ತನೆಯ ಮರಳು, ಹೊಟ್ಟೆಗೆ ನೆನೆಸಿ ಹಿಂಡಿದ ಒಣಹುಲ್ಲು ಬಿಟ್ಟು ಬೇರೇನೂ ಬೇಡವೆಂದರು. ಗೊರಸಿನೊಳಗಿನ ಎಲುಬು ವಾಲಿದ್ದರೆ ಕುಂಟು ಪೂರ್ತಿ ಹೋಗಲಿಕ್ಕಿಲ್ಲ ಎಂದೂ ಹೇಳಿದರು.

ಗೇಟಿನವರೆಗೆ ಮಕ್ತುಮ್ ಸಾಬ್ ಕುಂಟುತ್ತ ನಡೆದರು. ಅಲ್ಲಿ ನಿಂತು, "ನಾನೂ ನೋಡಿ ಖುಷಿಪಟ್ನಲ್ಲ ಸಾವ್ಕಾರ್ರೆ," ಎಂದರು. ಅವರು ಬೈದಿದ್ದರೆ ಒಳ್ಳೆಯದಿತ್ತು ಎಂದು ಕೊಟ್ರೇಶಪ್ಪನವರಿಗೆ ಅನ್ನಿಸಿತು.

ಅಂದು ರಾತ್ರಿ ಮನೆಯಲ್ಲಿ ಹೆಂಡತಿ ಉಮಾಮಹೇಶ್ವರಿ ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಊಟಕ್ಕೆ ಕೂತಾಗ ಕೊಟ್ರೇಶಪ್ಪ ಎಂದಿನಂತೆ ಆಕೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಲು ಹೋದರು. ಸಕ್ಕರೆ ಕಾಯಿಲೆಯ ಉಮಾಮಹೇಶ್ವರಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಬಾಯಿ ಇರೋ ನಾನು ಸಾಕು ಅಂದ್ರೇ ನೀವು ಕೇಳಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಪಾಪ, ಅದು ಹೆಂಗೆ ಹೇಳ್ತದೆ."

ಸೌಟು ಪಾತ್ರೆಗೆ ಮರಳಿತು.

ಬೇಸಿಗೆ ಕಳೆಯುವಷ್ಟರಲ್ಲಿ ಚಾಂದನಿಯ ಮೈ ಇಳಿಯಿತು. ಒದೆಯುವುದು, ಬೆಚ್ಚುವುದು ನಿಂತವು. ಕೆಂಚವ್ವ ಮತ್ತೆ ಒಳಗೆ ಬಂದು, ಹಣೆಯ ಕೂದಲು ಸರಿಸಿ ಮಾತಾಡಿಸುವಂತಾಯಿತು. ಕುಂಟು ಮಾತ್ರ ಉಳಿಯಿತು. ಕೊಟ್ರೇಶಪ್ಪನವರನ್ನು ಕಂಡರೆ ಕುದುರೆ ಈಗಲೂ ಕಾಳು ಬೇಡುತ್ತಿತ್ತು. ಸ್ಕೂಟರಿನ ಸದ್ದಿಗೇ ಕೆನೆದು, ಕೆಟ್ಟ ಕಾಲು ಎಳೆಯುತ್ತ ಬೇಲಿಯವರೆಗೆ ಬಂದು, ಅವರ ಖಾಲಿ ಅಂಗೈಗಳನ್ನು, ಅಂಗಿಯ ಜೇಬನ್ನು ಮೂಸಿ, ಮತ್ತೆ ಅಷ್ಟೇ ದೂರ ಕುಂಟುತ್ತ ಹಿಂದಿರುಗುತ್ತಿತ್ತು. ಅಷ್ಟು ನಡೆಸುವುದೂ ಬೇಡವೆಂದಿದ್ದರು ವಾಣಿ.

ಹಾಗಾಗಿ ಅವರು ಹೊಲಕ್ಕೆ ಮೊದಲೇ ಸಿಗುವ ಕಾಲುವೆಯ ಹತ್ತಿರವೇ ಎಂಜಿನ್ ಆರಿಸಿ, ಸ್ಕೂಟರನ್ನು ತಳ್ಳಿಕೊಂಡು ಬರತೊಡಗಿದರು. ಒಂದು ದಿನ ಬೆಳಿಗ್ಗೆಯೂ ಹಾಗೆಯೇ ಬಂದರು. ಕೊಟ್ಟಿಗೆಯ ಗೋಡೆಯಾಚೆ ಚಾಂದನಿ ಹುಲ್ಲು ಅಗಿಯುವ ಸದ್ದು ನಿಧಾನವಾಗಿ, ಸಮನಾಗಿ ಕೇಳುತ್ತಿತ್ತು. ಕೊಟ್ರೇಶಪ್ಪ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಗೋಡೆಗೆ ಒರಗಿ ನಿಂತರು.

ಅಗಿಯುವ ಸದ್ದು ನಿಂತಿತು; ಗೋಡೆಯಾಚೆಯಿಂದ ಮೂಸುವ ಸದ್ದು ಬಂತು.