ಹೊಗೆಬೆಟ್ಟಕ್ಕೆ ಹೋಗಿ ಬಂದವಳು

ಪಟಾಲಮ್ಮ ಬಾಲಿ ದ್ವೀಪದಿಂದ ಹಲಸೂರಿಗೆ ಬಂದ ದಿನ ಬೀದಿಯವರೆಲ್ಲ ಸೇರಿ ಅವಳ ಕಾಲು ತೊಳೆಯಲು ನಿಂತರು. ಕಾಶಿಗೆ ಹೋಗಿ ಬಂದವರಿಗೆ ಮಾಡುವ ಮರ್ಯಾದೆ ಅದು. ಪಟಾಲಮ್ಮ ಹೋಗಿದ್ದು ದೊರೆಯ ಮಗುವನ್ನು ಎತ್ತಿಕೊಳ್ಳಲು. ಆದರೆ ಅದನ್ನು ಹೇಳಿದರೆ ಕೇಳುವವರು ಯಾರು?

ಬೆಂಗಳೂರಿನ ದಂಡು ಪ್ರದೇಶದ ಒಂದು ಬಂಗಲೆಯಲ್ಲಿ ಅವಳು ಆಯಾ. ದೊರೆ ಯಾವುದೋ ಕಂಪನಿಯ ಮ್ಯಾನೇಜರು. ಜರ್ಮನಿಯ ಯುದ್ಧ ಹತ್ತಿಕೊಂಡು ಅವರ ಸೀಮೆ ಇಂಗ್ಲೆಂಡಿಗೆ ಹೋಗುವ ಹಡಗಿನ ದಾರಿ ಕೆಟ್ಟಿತ್ತು. ದೊರೆಸಾನಿಗೆ ಬೆಂಗಳೂರಿನ ಹವಾ ಬೇಜಾರಾಗಿತ್ತು. ಬೆಂಗಳೂರಿನ ಹವಾ ಬೇಜಾರಾಗುವುದಕ್ಕೂ ಪಡೆದುಕೊಂಡು ಬಂದಿರಬೇಕು ಬಿಡಿ. ಬಾಲಿಯಲ್ಲಿ ಬೆಂಕಿ ಉಗುಳುವ ಬೆಟ್ಟವಿದೆ, ಕುಣಿತವಿದೆ, ಸಮುದ್ರದ ದಂಡೆಯಿದೆ ಎಂದು ಯಾರೋ ಹೇಳಿದರಂತೆ. ಸಂಕ್ರಾಂತಿ ಕಳೆದದ್ದೇ ಮದರಾಸಿನಲ್ಲಿ ಹಡಗು ಹತ್ತಿದರು. ಜೊತೆಗೆ ಅವರ ಚಿಕ್ಕ ಮಗ, ಆ ಮಗುವಿನ ಹಿಂದೆ ಪಟಾಲಮ್ಮ. ಗಂಡ ತೀರಿಹೋದವಳು, ಬರುವುದಿಲ್ಲ ಎಂದರೆ ಕೆಲಸ ಹೋಗುತ್ತದೆ. ಮಗಳು ಆದಿಲಕ್ಷ್ಮಿಯನ್ನು ಅಕ್ಕ ಮುನಿಲಕ್ಷ್ಮಮ್ಮನ ಮನೆಯಲ್ಲಿ ಬಿಟ್ಟು ಹೋದಳು.

ಈಗ ಆಷಾಢ. ದೊರೆಸಾನಿ ಕೊಟ್ಟ ರಜ ದೀಪ ಹಚ್ಚುವ ಹೊತ್ತಿನ ತನಕ. ಅಷ್ಟರೊಳಗೆ ಮಗಳು ಒಂದು ಸಲ ಮಗ್ಗುಲಿಗೆ ಬಂದರೆ ಸಾಕು, ಪಟಾಲಮ್ಮನಿಗೆ ಬೇರೇನೂ ಬೇಕಿರಲಿಲ್ಲ. ಮೈಯೆಲ್ಲ ಕುಟ್ಟಿ ಹಾಕಿದಂತೆ ನೋಯುತ್ತಿತ್ತು. ಆ ಹುಡುಗಿಯೋ, ಬಾಗಿಲ ಸಂದಿಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು.

ಈ ಕಾಲು ತೊಳೆಯುವ ಸಂಭ್ರಮಕ್ಕೆ ಮೂಲ ಅಕ್ಕನೇ. ಆ ದ್ವೀಪದಲ್ಲೂ ಹಿಂದೂಗಳ ದೇವಸ್ಥಾನಗಳಿವೆ ಎಂದು ಬಂಗಲೆಯ ಬಟ್ಲರ್ ಖಾದರ್ ಒಂದು ಮಾತು ಹೇಳಿದ್ದ. ಮುನಿಲಕ್ಷ್ಮಮ್ಮ ಅದಕ್ಕೆ ಒಗ್ಗರಣೆ ಹಾಕಿ, ಬೆಟ್ಟದ ಹೊಟ್ಟೆಯೊಳಗೆ ದೇವರು ಕೂತಿದ್ದಾನೆ, ಹೊಗೆಯೆಲ್ಲ ಅವನ ಧೂಪ, ನನ್ನ ತಂಗಿ ಅದನ್ನು ನೋಡಲು ಹೋಗಿದ್ದಾಳೆ ಎಂದು ಬೀದಿಗೆಲ್ಲ ಹಂಚಿದ್ದಳು.

ಹರಿವಾಣ ಬಂತು, ಅರಿಸಿನದ ನೀರು ಬಂತು. ಪಟಾಲಮ್ಮನನ್ನು ಮಣೆಯ ಮೇಲೆ ಕೂರಿಸಿದರು.

“ಆದೀ, ನಿಮ್ಮಮ್ಮನ ಕಾಲಿಗೆ ನೀರು ಹಾಕೆ,” ಎಂದಳು ಮುನಿಲಕ್ಷ್ಮಮ್ಮ.

“ನಾನು ಹಾಕಲ್ಲ. ಅವಳೇನು ದೇವ್ರನ್ನ ನೋಡೋಕೆ ಹೋಗಿದ್ಲಾ? ಸಮುದ್ರದಲ್ಲಿ ಆಡೋಕೆ ಹೋಗಿದ್ಲು, ಬಾಬಾನ ಕರ್ಕೊಂಡು!”

ಬಂಗಲೆಗಳಲ್ಲಿ ದೊರೆಯ ಮಕ್ಕಳನ್ನು ಬಾಬಾ ಎಂದೇ ಕರೆಯುವುದು. ಮುನಿಲಕ್ಷ್ಮಮ್ಮ ಕೈ ಎತ್ತಿದಳು. “ಬಿಡಕ್ಕ,” ಎಂದಳು ಪಟಾಲಮ್ಮ. ಯಾರೋ ನೀರು ಹಾಕಿದರು, ಯಾರೋ ಅದನ್ನು ಕಣ್ಣಿಗೆ ಒತ್ತಿಕೊಂಡರು.

“ತೀರ್ಥ ತಂದಿಲ್ವೇನಮ್ಮ?” ಬೀದಿಯ ಹಿರಿಯ ಬೈಲಪ್ಪ ಕೇಳಿದ.

“ಇಲ್ಲ ಮಾವ.”

“ಹೋಗ್ಲಿ, ಬೆಟ್ಟ ಹತ್ತಿದ್ಯಾ?”

“ದೊರೆ, ದೊರೆಸಾನಿ ಹತ್ತಿದ್ರು. ಮೋಟಾರಲ್ಲಿ ಸುತ್ತಿ ಸುತ್ತಿ ಬಾಬಾಗೆ ವಾಂತಿ. ನಾನು ಕೆಳಗೆ ಬಟ್ಟೆ ಒಗೀತಾ ಕೂತಿದ್ದೆ.”

“ದೇವಸ್ಥಾನ?”

“ವಾದ್ಯದ ಸದ್ದಿಗೆ ಬಾಬಾ ಕಿರುಚ್ಕೊಂಡ. ಎತ್ಕೊಂಡು ಆಚೆ ಬಂದ್ಬಿಟ್ಟೆ.”

“ಸಮುದ್ರನಾದ್ರೂ ನೋಡಿದ್ಯೋ ಇಲ್ವೋ?”

“ಮರಳೆಲ್ಲ ಕಪ್ಪು ಮಾವ. ಬಿಸಿಲೇರಿದ್ರೆ ಕೆಂಡ. ಬಾಬಾನ ಕಾಲು ಸುಡಬಾರ್ದು ಅಂತ ನೀರಿನ ತನಕ ಹೊತ್ಕೊಂಡು ಹೋಗೋದು, ತಿರ್ಗ ಹೊತ್ಕೊಂಡು ಬರೋದು.”

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಹಲಸೂರಿನವರಿಗೆ ಅದನ್ನು ದೂರದಿಂದ ನೋಡುವ ಸುಖವನ್ನೂ ಪಟಾಲಮ್ಮ ಉಳಿಸಲಿಲ್ಲ. ಬೈಲಪ್ಪ ತಲೆ ಕೊಡವಿ ಎದ್ದ. ಉಳಿದವರೂ ವೀಳ್ಯ ತೆಗೆದುಕೊಂಡು ಹೊರಟರು. ಸುಳ್ಳನ್ನಾದರೂ ಹೇಳಬಾರದಿತ್ತೇ ಎಂದು ಅಕ್ಕ ಗೊಣಗಿದಳು. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವು ಬೇಕು.

ಮುದ್ದೆ ಉಂಡು ಪಟಾಲಮ್ಮ ಚಾಪೆಯ ಮೇಲೆ ಉರುಳಿದಳು. ಅಕ್ಕ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಸ್ವಲ್ಪ ಹೊತ್ತಿಗೆ ಹೊಸ್ತಿಲಲ್ಲಿ ಆದಿಲಕ್ಷ್ಮಿಯ ನೆರಳು ಬಿತ್ತು.

“ನಂಗೇನು ತಂದೆ?”

“ಒಂದು ಶಂಖ ಎತ್ತಿಟ್ಟಿದ್ದೆ ಕಣೆ. ಹಡಗಲ್ಲಿ ಬಾಬಾ ಅದನ್ನ ನೀರಿಗೆ ಎಸೆದ್ಬಿಟ್ಟ.”

“ನೀನು ಹೊಡೀಲಿಲ್ವಾ?”

“ಅವನನ್ನ ಹೊಡೆಯಂಗಿಲ್ಲ.”

“ನಾನು ಎಸೆದಿದ್ರೆ?”

“ನಿಂಗೆ ಸರಿಯಾಗಿ ಬೀಳ್ತಿತ್ತು. ನೀನು ನನ್ನ ಮಗಳಲ್ವಾ.”

ಹುಡುಗಿ ಯೋಚನೆ ಮಾಡಿದಳು. ಈ ಉತ್ತರದಲ್ಲಿ ಅವಳಿಗೆ ಏನೋ ಸಿಕ್ಕಿರಬೇಕು. ಒಳಗೆ ಬಂದಳು, ಚಾಪೆಯ ತುದಿಯಲ್ಲಿ ಕೂತಳು, ಆಮೇಲೆ ಅಮ್ಮನಿಗೆ ಬೆನ್ನು ಮಾಡಿ ಮೆಲ್ಲಗೆ ಒರಗಿಕೊಂಡಳು. ಪಟಾಲಮ್ಮ ಅಲುಗಾಡಲಿಲ್ಲ. ಅಲುಗಿದರೆ ಎದ್ದು ಹೋದಾಳು ಎಂಬ ಭಯ. ಮಗಳ ತಲೆಯ ಹರಳೆಣ್ಣೆ ವಾಸನೆ ಮೂಗಿಗೆ ಬಂದಾಗ ಕಣ್ಣು ತುಂಬಿತು.

“ಹೇಳು. ಅಲ್ಲಿ ಏನಿತ್ತು?”

“ಅಲ್ಲಿ ಬೆಳಗಾದ್ರೆ ಹೆಂಗಸರು ಬಾಗಿಲ ಮುಂದೆ ಎಲೆ ಬುಟ್ಟೀಲಿ ಹೂವು ಇಡ್ತಾರೆ. ನೆಲಕ್ಕೇ ಪೂಜೆ. ಪುಟ್ಟ ಪುಟ್ಟ ಬುಟ್ಟಿ. ನಮ್ಮ ಆದಿ ಇದ್ದಿದ್ರೆ…”

ಎಷ್ಟೋ ದಿನಗಳಿಂದ ಕೂಡಿಟ್ಟುಕೊಂಡಿದ್ದ ಮಾತು ಅಲ್ಲಿಗೇ ನಿಂತಿತು. ರೆಪ್ಪೆಗಳು ತಾವಾಗಿಯೇ ಮುಚ್ಚಿದವು. ಅರೆನಿದ್ದೆಯಲ್ಲಿ ಅವಳ ಕೈ ಮಗಳ ಬೆನ್ನನ್ನು ತಟ್ಟತೊಡಗಿತು. ತಟ್ಟುವುದೊಂದನ್ನು ಆ ಕೈ ನಿದ್ದೆಯಲ್ಲೂ ಬಲ್ಲದು. ಬಾಯಿಯಿಂದ ಬಂಗಲೆಯ ಹಿಂದೂಸ್ತಾನಿ ಜೋಗುಳ ತಾನೇ ಹೊರಟಿತು:

“ಸೋ ಜಾ ಬಾಬಾ… ಸೋ ಜಾ…”

ತನ್ನ ದನಿ ತನ್ನ ಕಿವಿಗೇ ಬಿದ್ದು ಪಟಾಲಮ್ಮನ ನಿದ್ದೆ ಹಾರಿಹೋಯಿತು. ಕೈ ನಿಂತಿತು. ಹುಡುಗಿ ಕೇಳಿಸಿಕೊಂಡಿದ್ದಳು, ಅವಳ ಬೆನ್ನು ಕಲ್ಲಾಗಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಪಟಾಲಮ್ಮ ಆಗಲೇ ಒಳಗೆ ಇಳಿದುಬಿಡುತ್ತಿದ್ದಳು. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಆದಿಲಕ್ಷ್ಮಿ ಎದ್ದು ಹೋಗಲಿಲ್ಲ. ತಿರುಗಿಯೂ ನೋಡಲಿಲ್ಲ. ಹಿಂದಕ್ಕೆ ಕೈ ಚಾಚಿ, ತಡಕಾಡಿ, ಅಮ್ಮನ ಕೈಯನ್ನು ಹಿಡಿದು ತನ್ನ ಬೆನ್ನ ಮೇಲೆ ಮತ್ತೆ ಇಟ್ಟುಕೊಂಡಳು.

“ತಟ್ಟು,” ಎಂದಳು. “ನನ್ನನ್ನ ಅವನು ಅಂದ್ಕೊಂಡೇ ತಟ್ಟು. ಪರ್ವಾಗಿಲ್ಲ.”