ನಾಲ್ಕು ಬೆರಳಿನ ರೊಟ್ಟಿ

ಟಕ್, ಮತ್ತೆ ಟಕ್ — ಸಾಲಿನ ಮುಂದೆ ಯಾರದೋ ರೊಟ್ಟಿ ಮುರಿಯುತ್ತಿದೆ, ಜೈಲಿನ ಬಾಗಿಲಲ್ಲಿ ಕೂತ ಪೊಲೀಸ ಒಂದೊಂದನ್ನೇ ಎತ್ತಿ ನಡುವೆ ಮುರಿದು ನೋಡುತ್ತಾನೆ, ಇಷ್ಟು ತೆಳುವಾದ ಕಡಕ್ ರೊಟ್ಟಿಯಲ್ಲಿ ಯಾರು ಏನು ಬಚ್ಚಿಟ್ಟಾರು, ಆದರೂ ನಿಯಮ ನಿಯಮವೇ, ನನ್ನ ಮುಂದೆ ಇನ್ನೂ ಆರು ಜನ, ನನ್ನ ಚೀಲದಲ್ಲಿ ಹನ್ನೂರಿನ ಬೀರವ್ವ ಬಡಿದ ಐದು ರೊಟ್ಟಿ, ಇನ್ನು ಅವಳು ಬಡಿಯುವುದಿಲ್ಲ, ಸೋಮವಾರ ಮಣ್ಣಾದಳು, ಒಳಗಿರುವ ಅವಳ ಮಗ ಸಾತಪ್ಪನಿಗೆ ಇನ್ನೂ ಗೊತ್ತಿಲ್ಲ, ಹೇಳಬೇಕಾದವಳು ನಾನು — ಚರ್ಚಿನಿಂದ ತಿಂಗಳಿಗೊಮ್ಮೆ ಈ ಜೈಲಿಗೆ ಬರುವ ಮಾರ್ಥಾಬಾಯಿ, ಸೊಲ್ಲಾಪುರದ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸಾಗಿ ಎಷ್ಟು ಮಂದಿಗೆ ಸಾವಿನ ಸುದ್ದಿ ಹೇಳಿದೆ, ಇವತ್ತೇಕೆ ಹೇಳುವ ಮಾತನ್ನು ಮತ್ತೆ ಮತ್ತೆ ಜೋಡಿಸಿಕೊಳ್ಳುತ್ತಿದ್ದೇನೆ. ಅಕ್ಕಲಕೋಟೆಯ ನನ್ನ ಅಕ್ಕನ ಮನೆಗೆ ಹೋದಾಗಲೆಲ್ಲ ಬೀರವ್ವ ಅಲ್ಲಿಯ ಎಸ್ಟಿ ಬಸ್ ಸ್ಟ್ಯಾಂಡಿನಲ್ಲಿ ರೊಟ್ಟಿಯ ಗಂಟು ಹಿಡಿದು ಕಾಯುತ್ತಿದ್ದಳು, ಜೈಲಿಗೆ ಒಂದೇ ಸಲ ಬಂದಳು, ಆಮೇಲೆ ಬರಲೊಲ್ಲೆ ಅಂದಳು, ಕಬ್ಬಿಣದ ಜಾಳಗಿ ಹಿಂದ ನಿಂತ ಮಗನ್ನ ನಾ ನೋಡಂಗಿಲ್ರಿ ಬಾಯಾರ, ಮನಿಗಿ ಬಂದ ದಿನ ಕಣ್ತುಂಬ ನೋಡ್ತೀನಿ. ಕುಡುಗೋಲು ತಾಗಿ ಅವಳ ಬಲಗೈಯ ಕಿರುಬೆರಳು ಹೋಗಿತ್ತು, ರೊಟ್ಟಿಯ ಮೇಲೆ ನಾಲ್ಕೇ ಬೆರಳಿನ ಗುರುತು, ಸಾತಪ್ಪ ಚೂರುಗಳನ್ನು ನೆಲದ ಮೇಲೆ ಜೋಡಿಸಿ ಆ ಗುರುತು ಸಿಕ್ಕ ಮೇಲೆಯೇ ತಿನ್ನುತ್ತಿದ್ದನಂತೆ, ಜೋಡಿಸಲಿಕ್ಕೂ ಜಾಗ ಬೇಕಲ್ಲ, ರಾತ್ರಿ ಒಬ್ಬ ಮಗ್ಗಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕು ಅಂದಿದ್ದ, ಅಪರಾಧ ಇನ್ನೂ ಸಾಬೀತಾಗದವರು ಅಲ್ಲಿ ಮೈಗೆ ಮೈ ಒತ್ತಿ ಬಿದ್ದಿದ್ದಾರೆ. ರೊಟ್ಟಿ ಇಡೀ ಮುಟ್ಟ್ಯಾವೇನ್ರಿ, ಬೀರವ್ವ ಪ್ರತಿ ಸಲ ಕೇಳುತ್ತಿದ್ದಳು, ಮುಟ್ಟ್ಯಾವ ಬೀರವ್ವ, ನಾನು ಪ್ರತಿ ಸಲ ಅನ್ನುತ್ತಿದ್ದೆ, ಪ್ರಾರ್ಥನೆ ಮಾಡುವ ಇದೇ ಬಾಯಿಂದ.

ಟಕ್ — ಇನ್ನು ಮೂವರು. ಪಂಪಿನ ಕೇಬಲ್ ಕದ್ದ ಅಂತ ಕೇಸು, ಬೇಲು ಸಿಕ್ಕೇ ಎಂಟು ತಿಂಗಳು, ಹೊರಗೆ ಬರಲು ಒಬ್ಬ ಜಾಮೀನುದಾರ ಬೇಕು, ಕುರಿ ಕಾಯ್ದು ಬದುಕಿದ ಬೀರವ್ವನ ಹೆಸರಲ್ಲಿ ಅಂಗೈಯಗಲ ಭೂಮಿಯಿಲ್ಲ, ವಕೀಲ ನನ್ನ ಕಡೆ ತಿರುಗಿದ, ನಿಮ್ಮ ಹೆಸರಿನ್ಯಾಗ ಮನಿ ಐತಲ್ರಿ ಬಾಯಿ, ನೋಡೋಣ ಅಂದೆ, ಅಳಿಯ ಹೆದರಿಸಿದ, ಅವ ಓಡಿ ಹೋದ್ರ ಮನಿ ಹೋಗ್ತೈತ್ರಿ ಅತ್ತಿ, ನೋಡೋಣ ಅಂದೆ, ಹೀಗೆ ನೋಡೋಣ ನೋಡೋಣ ಅನ್ನುತ್ತ ಕ್ರಿಸ್ಮಸ್ ಬಂತು, ಜೈಲಿನಲ್ಲಿ ಕೇಕು ಹಂಚಿದೆವು, ಹಾಡಿದೆವು, ಸೆರೆಯಲ್ಲಿರುವವರನ್ನು ಮರೆಯಬೇಡಿ ಅಂತ ಪಾಸ್ಟರು ಬೋಧಿಸಿದಾಗ ಮೊದಲ ಬೆಂಚಿನಲ್ಲಿ ಕೂತು ತಲೆಯಾಡಿಸಿದವಳು ನಾನು, ಮರೆತಿಲ್ಲವಲ್ಲ ಕರ್ತನೇ, ತಿಂಗಳು ತಿಂಗಳು ಹೋಗುತ್ತೇನಲ್ಲ, ಜಾಮೀನು ನಿಲ್ಲು ಅಂತ ನೀನೇನೂ ಹೇಳಿಲ್ಲವಲ್ಲ. ಎಂಥ ಹೆಂಗಸು ನಾನು. ಸೋಮವಾರ ಹನ್ನೂರಿಗೆ ಹೋದಾಗ ಕುಣಿಗೆ ಮೊದಲ ಹಿಡಿ ಮಣ್ಣು ಮಗನದು ಬೀಳಬೇಕಿತ್ತು, ಯಾರೋ ದಾಯಾದಿ ಹಾಕಿದ, ಪಕ್ಕದ ಮನೆಯ ಗುರಮ್ಮ ರೊಟ್ಟಿಯ ಬುಟ್ಟಿ ತಂದು ನನ್ನ ಮುಂದಿಟ್ಟಳು, ಮಗನ ಸಲುವಾಗಿ ಬಡದಿಟ್ಟಾಳ್ರಿ, ಇವನ್ನರ ಮುಟ್ಟಸ್ರಿ. ಮನೆ ನನ್ನದೆಂಬ ದಾಖಲೆ, ಉತಾರ, ಇವತ್ತು ಚೀಲದಲ್ಲಿದೆ, ರೊಟ್ಟಿಯ ಕೆಳಗೆ, ಇಲ್ಲಿಂದ ನೇರ ಕೋರ್ಟಿಗೆ ಹೋಗಿ ಸಹಿ ಹಾಕುತ್ತೇನೆ, ಸಾತಪ್ಪ ಮನೆಗೆ ಹೋಗುತ್ತಾನೆ, ಕಣ್ತುಂಬ ನೋಡುವವಳು ಇಲ್ಲದ ಮನೆಗೆ — ಮುಂದ ಬರ್ರಿ ಬಾಯಿ, ನನ್ನನ್ನೇ ಕರೆಯುತ್ತಿದ್ದಾನೆ, ಗಂಟು ಬಿಚ್ಚುತ್ತೇನೆ, ಒಂದನ್ನರ ಇಡೀ ಬಿಡ್ರಿ ಸಾಹೇಬ್ರ, ಅವರವ್ವ ಸತ್ತಾಳ, ಇವು ಆಕಿ ಕೈಯಾಗಿನ ಕಡೀ ರೊಟ್ಟಿ. ಅವನು ತಲೆಯೆತ್ತಿ ನೋಡಿದ, ಕೆಟ್ಟವನ ಮುಖವಲ್ಲ, ನನ್ನ ಕೈಯಾಗ ಏನೈತ್ರಿ, ನಿಯಮ ಐತಿ, ಅಂದ, ಮೆಲ್ಲಗೆ ಎತ್ತಿಕೊಂಡ, ಬೀರವ್ವನ ನಾಲ್ಕು ಬೆರಳಿನ ಗುರುತು ಬಿಸಿಲಿಗೆ ಕಾಣುತ್ತಿದೆ, ಒಂದು, ಎರಡು, ಮೂರು, ನಾಲ್ಕು, ಅದರ ನಡುವೆ ಅವನ ಹೆಬ್ಬೆರಳು, ನಾಲ್ಕು ಬೆರಳು, ಅವನ ಹೆಬ್ಬೆರಳು, ಟಕ್